ಒಂದೇ ಕಾರು, ಇಬ್ಬರು ಚಾಲಕರು: ಆಟೋಕ್ರಾಸ್‌ನಲ್ಲಿ ಅರ್ಹತೆಯ ಪ್ರಶ್ನೆ

ಪ್ರಶ್ನೆ:
ನಾನೂ ನನ್ನ ಸ್ನೇಹಿತರೊಬ್ಬರೂ ಮುಂಬರುವ ಆಟೋಕ್ರಾಸ್ ಸ್ಪರ್ಧೆಯಲ್ಲಿ (ಕೋನ್‌ಗಳನ್ನಿಟ್ಟು ಗುರುತಿಸಿದ ಹಾದಿಯಲ್ಲಿ ಆದಷ್ಟು ಕಡಿಮೆ ಸಮಯದಲ್ಲಿ ಕಾರು ಓಡಿಸುವ ಸ್ಪರ್ಧೆ) ನನ್ನ ಕಾರನ್ನೇ ಹಂಚಿಕೊಂಡು ಓಡಿಸಬೇಕೆಂದಿದ್ದೇವೆ. ಅವರು ಹಲವು ವರ್ಷಗಳಿಂದ ಸ್ಪರ್ಧಿಸುತ್ತಿರುವವರು, ನನಗೆ ಇದು ಮೊದಲನೆಯದು. ನಾನು ನೋವಿಸ್ (ಹೊಸಬರ) ವಿಭಾಗದಲ್ಲಿ, ಅವರು ಕಾರಿಗೆ ಅನ್ವಯಿಸುವ ಕ್ಲಾಸ್‌ನಲ್ಲಿ ಹೆಸರು ನೋಂದಾಯಿಸಬಹುದೇ? ಎರಡನೆಯದಾಗಿ ಓಡುವವರಿಗೆ ಆಗಲೇ ಬಿಸಿಯಾಗಿರುವ ಟೈರು ಸಿಗುವುದನ್ನು ಇತರರು ಆಕ್ಷೇಪಿಸಲು ಅವಕಾಶವಿದೆಯೇ?

ಉತ್ತರ 1:
ನೋಂದಾಯಿಸಬಹುದು, ಆಯೋಜಕ ಕ್ಲಬ್‌ನ ನಿಯಮ ಅದನ್ನು ತಡೆಯದಿದ್ದರೆ. ಇಲ್ಲಿ ಎರಡು ಬಗೆಯ ಅರ್ಹತೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಾರಿನ ಮಾದರಿ ಮತ್ತು ಟೈರು, ಸಸ್ಪೆನ್ಷನ್, ಎಂಜಿನ್‌ನಲ್ಲಿ ಮಾಡಿರುವ ಮಾರ್ಪಾಡುಗಳು ಅದರ ಕ್ಲಾಸ್ ಯಾವುದೆಂದು ನಿರ್ಧರಿಸುತ್ತವೆ. ಯಾರು ಓಡಿಸಿದರೂ ಅದು ಬದಲಾಗುವುದಿಲ್ಲ. ನೋವಿಸ್ ವಿಭಾಗವಾದರೋ ಚಾಲಕರ ಅನುಭವಕ್ಕೆ ಸಂಬಂಧಿಸಿದ್ದು. ಆದ್ದರಿಂದ ನಿಮ್ಮ ಸ್ನೇಹಿತರ ಅನುಭವ ನಿಮ್ಮ ಅರ್ಹತೆಯನ್ನು ಕಸಿದುಕೊಳ್ಳುವುದಿಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ‘ಸೋಲೊ’ ಎಂಬ ಆಟೋಕ್ರಾಸ್ ಸ್ಪರ್ಧೆಗಳಲ್ಲಿ ಒಬ್ಬರು ಓಪನ್ ಕ್ಲಾಸ್‌ನಲ್ಲಿ, ಇನ್ನೊಬ್ಬರು ಮಹಿಳೆಯರ ಕ್ಲಾಸ್‌ನಲ್ಲಿ ಒಂದೇ ಕಾರನ್ನು ಓಡಿಸುವುದು ಬಹುಕಾಲದಿಂದ ನಡೆದುಬಂದಿದೆ.

ಪ್ರತಿಯೊಬ್ಬರದೂ ಸ್ವತಂತ್ರ ಪ್ರವೇಶವೆಂಬುದನ್ನು ಮರೆಯಬೇಡಿ. ಪ್ರವೇಶ ಶುಲ್ಕ, ಚಾಲನಾ ಪರವಾನಗಿ, ಹೊಣೆಗಾರಿಕೆ ಪತ್ರಕ್ಕೆ ಸಹಿ, ಮಾನ್ಯ ಹೆಲ್ಮೆಟ್, ಎಲ್ಲವೂ ಇಬ್ಬರಿಗೂ ಪ್ರತ್ಯೇಕ. ಸಂಖ್ಯೆಯೂ ಬೇರೆಯಾಗಿರಬೇಕು, ಒಬ್ಬರದು 43 ಆದರೆ ಇನ್ನೊಬ್ಬರದು 143 ಎಂದು ಮುಂದೆ 1 ಸೇರಿಸುವ ರೂಢಿಯಿದೆ. ಚಾಲಕರು ಬದಲಾದಾಗ ಸಂಖ್ಯೆಯನ್ನು ಬದಲಿಸಲು ಮರೆತರೆ ಸಮಯ ತಪ್ಪಾದ ಹೆಸರಿಗೆ ದಾಖಲಾಗುತ್ತದೆ, ಅದನ್ನು ಆಮೇಲೆ ಬಿಡಿಸುವುದು ಎಲ್ಲರಿಗೂ ಕಷ್ಟ.

ಉತ್ತರ 2:
ಟೈರಿನ ವಿಷಯದಲ್ಲಿ ಒಂದು ಮಾತು. ಇದು ಒಂದೇ ಕಡೆಗೆ ವಾಲುವ ಲಾಭವಲ್ಲ. ತಂಪಾದ ದಿನದಲ್ಲಿ ಎರಡನೆಯ ಚಾಲಕರಿಗೆ ಹಿಡಿತ ಬೇಗ ದೊರೆಯುತ್ತದೆಯೇನೋ ನಿಜ, ಆದರೆ ಬಿಸಿಲಿನಲ್ಲಿ ಟೈರು ಆರುವುದಕ್ಕೆ ಬಿಡುವೇ ಇಲ್ಲದೆ ಅತಿಯಾಗಿ ಕಾದು ಜಾರತೊಡಗುತ್ತದೆ. ಅದಕ್ಕಾಗಿಯೇ ಕಾರು ಹಂಚಿಕೊಳ್ಳುವವರು ಓಟಗಳ ನಡುವೆ ಟೈರುಗಳ ಮೇಲೆ ನೀರು ಸಿಂಪಡಿಸುತ್ತಾರೆ. ಕಾರು ಹಂಚಿಕೊಳ್ಳಲು ನಿಯಮವೇ ಅನುಮತಿಸಿರುವಾಗ, ಅದರಿಂದ ಸಹಜವಾಗಿ ಬರುವ ಬಿಸಿಯನ್ನು ಮಾತ್ರ ಕಾರಣವಾಗಿಟ್ಟು ಸಲ್ಲಿಸುವ ಆಕ್ಷೇಪಕ್ಕೆ ಬಲವಿಲ್ಲವೆಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಗಂಭೀರವಾದುದು ಕಾರಿನ ತಪಾಸಣೆ. ಕ್ಲಾಸ್‌ಗೆ ಒಪ್ಪದ ಬಿಡಿಭಾಗವೊಂದು ಕಾರಿನಲ್ಲಿ ಪತ್ತೆಯಾದರೆ, ಅದೇ ನಿಯಮಕ್ಕೆ ಒಳಪಟ್ಟ ಇಬ್ಬರ ಫಲಿತಾಂಶಕ್ಕೂ ಅಪಾಯವಿದೆ. ಕೋನ್ ಬಿದ್ದರೆ ಬರುವ ದಂಡವಾದರೋ ಆ ಓಟದ ಚಾಲಕರೊಬ್ಬರಿಗೇ ಸೇರುತ್ತದೆ. ಸೋಲೊ ನಿಯಮದಲ್ಲಿ ಅದು ಕೋನ್‌ವೊಂದಕ್ಕೆ 2 ಸೆಕೆಂಡು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸ್ಪರ್ಧಿಗಳನ್ನು ಸರದಿಯಂತೆ ಓಡಿಸುವ ಗುಂಪುಗಳಲ್ಲಿ ನಾವು ಒಂದೇ ಗುಂಪಿನಲ್ಲಿ ಓಡುವುದು ಒಳ್ಳೆಯದೇ, ಬೇರೆ ಗುಂಪುಗಳಲ್ಲಿಯೇ?

ಉತ್ತರ 1:
ಮೊದಲ ಸ್ಪರ್ಧೆಯಾದ್ದರಿಂದ, ಕ್ಲಬ್ ಒಪ್ಪಿದರೆ, ಬೇರೆ ಗುಂಪುಗಳನ್ನೇ ಕೇಳಿ. ಒಂದೇ ಗುಂಪಿನಲ್ಲಿದ್ದರೆ ಅವರ ಓಟ ಮುಗಿದ ಕೂಡಲೇ ನೀವು ಸೀಟು ಸರಿಪಡಿಸಿ, ಬೆಲ್ಟ್ ಬಿಗಿದು, ಸಂಖ್ಯೆ ಬದಲಿಸಿ ಹೊರಡಬೇಕಾಗುತ್ತದೆ. ಟ್ರ್ಯಾಕ್‌ನ ತಿರುವುಗಳನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಲು ವ್ಯವಧಾನವೇ ಇರುವುದಿಲ್ಲ. ಬೇರೆ ಗುಂಪಾದರೆ ಆ ತೊಂದರೆಯಿಲ್ಲ. ಆದರೆ ಬಿದ್ದ ಕೋನ್‌ಗಳನ್ನು ಎತ್ತಿ ನಿಲ್ಲಿಸಲು ಸ್ಪರ್ಧಿಗಳೇ ಮಾಡುವ ಕೆಲಸದ ಪಾಳಿ ನಿಮ್ಮ ಓಟದ ಸಮಯಕ್ಕೆ ಅಡ್ಡ ಬರದಂತೆ ನೋಂದಣಿಯ ಹೊತ್ತಿಗೇ ಹೇಳಿಡಿ.