ಅಪ್‌ಡೇಟ್: ತಮ್ಮನ ಕೈ ನಡುಕಕ್ಕೆ ಕಾರಣ ಸಿಕ್ಕಿತು

ಬೈಪೋಲಾರ್‌ಗೆ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಲಿಥಿಯಂ ಮಾತ್ರೆ ತಗೊಳ್ಳುವ ತಮ್ಮನ ಕೈ ಜಾಸ್ತಿ ನಡುಗುತ್ತಿದೆ, ಮಾತ್ರೆ ನಿಲ್ಲಿಸಬೇಕಾ ಅಂತ ಹೋದ ತಿಂಗಳು ಕೇಳಿದ್ದೆ. ಸುಮ್ನೆ ನಿಲ್ಲಿಸಬೇಡಿ, ಮೊದಲು ರಕ್ತದಲ್ಲಿ ಲಿಥಿಯಂ ಲೆವೆಲ್ ಎಷ್ಟಿದೆ ನೋಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಾರನೇ ದಿನವೇ ಹೋದೆವು. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದಮೇಲೆ ರಕ್ತ ಕೊಡಬೇಕು. ಲೆವೆಲ್ 1.3 ಬಂತು. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರಬೇಕು.

ಡಾಕ್ಟರ್ ಮೊದಲು ಕೇಳಿದ್ದೇ ಬೇರೆ ಏನಾದರೂ ಮಾತ್ರೆ ತಗೊಂಡ್ರಾ ಅಂತ. ಆಗ ಗೊತ್ತಾಯಿತು, ಮಂಡಿ ನೋವಿಗೆ ಹತ್ತು ದಿನದಿಂದ ಐಬುಪ್ರೊಫೇನ್ ನುಂಗುತ್ತಿದ್ದ. ಅಂಗಡಿಯವರು ಕೇಳಲಿಲ್ಲ, ಇವನು ಹೇಳಲಿಲ್ಲ. ಆ ಥರದ ನೋವಿನ ಮಾತ್ರೆ ತಗೊಂಡರೆ ಕಿಡ್ನಿ ಲಿಥಿಯಂ ಅನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ, ಅದು ರಕ್ತದಲ್ಲೇ ಏರುತ್ತದೆ. ಸಾಲದ್ದಕ್ಕೆ ಅಮ್ಮನ ಬಿಪಿ ಅಂತ ಮನೆ ಅಡುಗೆಗೇ ಉಪ್ಪು ಕಡಿಮೆ ಮಾಡಿದ್ದೆವು. ದಿಢೀರ್ ಅಂತ ಉಪ್ಪು ಇಳಿಸಿದರೂ ಲಿಥಿಯಂ ಏರುತ್ತದಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರ್ ಹೇಳಿದಂತೆ ಲಿಥಿಯಂ ಡೋಸ್ ಸ್ವಲ್ಪ ತಡೆದು ಮತ್ತೆ ಶುರು ಮಾಡಿದೆವು. ನೋವಿಗೆ ಈಗ ಪ್ಯಾರಾಸಿಟಮಾಲ್. ಎರಡು ವಾರದ ಮೇಲೆ ಲೆವೆಲ್ 0.8. ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಯಿತು, ಎರಡೂ ಚೆನ್ನಾಗಿವೆ. ಆರು ತಿಂಗಳಿಗೊಮ್ಮೆ ಮಾಡಿಸುತ್ತೇವೆ.

ವಾಂತಿ, ಭೇದಿ ಆದರೆ ಕಾಯದೆ ಫೋನ್ ಮಾಡಿ ಅಂದಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದರೂ ಇದೇ ತೊಂದರೆ.

ನಿನ್ನೆ ಕಾಫಿ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಜಗುಲಿಗೆ ಬಂದ. ಒಂದು ಹನಿಯೂ ಚೆಲ್ಲಲಿಲ್ಲ. ಅಮ್ಮ ಲೋಟವನ್ನೇ ನೋಡುತ್ತ ನಿಂತಿದ್ದರು.