ಎಡಗೈ ರಿಲೀಫ್ ಪಿಚರ್ ಅಷ್ಟು ವರ್ಷ ಆಡುವುದು ಹೇಗೆ?

ಜಯನಗರದಿಂದ ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಪಂದ್ಯದ ನಡುವೆ ಬಂದು ಒಬ್ಬಿಬ್ಬರಿಗಷ್ಟೇ ಚೆಂಡೆಸೆದು ಹೋಗುವ ಎಡಗೈ ಪಿಚರ್‌ಗಳಲ್ಲಿ ಕೆಲವರು ನಲವತ್ತು ದಾಟಿದರೂ ತಂಡದಲ್ಲಿ ಉಳಿದದ್ದು ಹೇಗೆ? ತಿಳಿದವರು ದಯವಿಟ್ಟು ವಿವರಿಸಿ.

ಮಲ್ಲೇಶ್ವರದಿಂದ ಉತ್ತರ: ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಎಡಗೈ ರಿಲೀಫ್ ಪಿಚರ್ ಜೆಸ್ಸಿ ಒರೋಸ್ಕೊ ಅವರನ್ನೇ ನೋಡಿ ಸರ್. 1979ರಿಂದ 2003ರವರೆಗೆ ಅವರು 1,252 ಪಂದ್ಯಗಳಲ್ಲಿ ಚೆಂಡೆಸೆದದ್ದು ಇಂದಿಗೂ ದಾಖಲೆ. ಎಡಗೈ ಬ್ಯಾಟರ್‌ಗೆ ಎಡಗೈಯಿಂದಲೇ ಬರುವ ಬಾಗುಚೆಂಡು ಬೆನ್ನ ಹಿಂದಿನಿಂದ ಹೊರಟಂತೆ ಕಂಡು ಆಚೆಗೆ ಸರಿಯುವುದರಿಂದ, ವಯಸ್ಸಾಗಿ ವೇಗ ಕುಂದಿದರೂ ಆ ಕೋನದ ಲಾಭ ಉಳಿಯುತ್ತದೆ. 1986ರ ವರ್ಲ್ಡ್ ಸೀರೀಸ್‌ನ (ಆ ಲೀಗ್‌ನ ಫೈನಲ್ ಸರಣಿ) ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದೊಡನೆ ಅವರು ಗ್ಲೌಸನ್ನು ಮೇಲಕ್ಕೆಸೆದು ಮಂಡಿಯೂರಿದ ದೃಶ್ಯವಂತೂ ನನಗೆ ಕಣ್ಣಿಗೆ ಕಟ್ಟಿದಂತಿದೆ.

ಬಸವನಗುಡಿಯಿಂದ ಉತ್ತರ: ಆದರೆ ಮೇಜರ್ ಲೀಗ್‌ನಲ್ಲಿ 2020ರಿಂದ, ಗಾಯವಾಗದ ಹೊರತು, ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಎದುರಾಳಿ ತಂಡದ ಆ ಬ್ಯಾಟಿಂಗ್ ಸರದಿಯನ್ನು ಮುಗಿಸಬೇಕು. ಹೀಗಾಗಿ ಒಬ್ಬನಿಗಾಗಿಯೇ ಬರುತ್ತಿದ್ದ ಎಡಗೈಯವರ ಕೆಲಸ ಬಹುಮಟ್ಟಿಗೆ ಹೋಯಿತು.