ಅಪ್ಪ-ಅಮ್ಮನಿಗೆ ಪ್ರೇರಿ (ಅಮೆರಿಕದ ಹುಲ್ಲುಬಯಲು) ತೋರಿಸಬೇಕು: ಮಿಡೇವಿನ್ ಸಾಕಾ, ಕಾನ್ಸಾಸ್‌ಗೇ ಹೋಗಬೇಕಾ?

ಹಾವೇರಿ ಹುಡುಗ: ಶಿಕಾಗೊದಲ್ಲಿದ್ದೇವೆ. ಆಗಸ್ಟ್‌ನಲ್ಲಿ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಅಪ್ಪನಿಗೆ ಮಂಡಿನೋವು, ಆದರೂ ಅಮೆರಿಕದ ಕಾಡುಕೋಣ ಬೈಸನ್ ನೋಡುವ ಆಸೆ. ಹತ್ತಿರದ ಮಿಡೇವಿನ್ ಸಾಕಾ, ಕಾನ್ಸಾಸ್‌ನ ಟಾಲ್‌ಗ್ರಾಸ್ ಪ್ರೇರಿವರೆಗೆ ಹೋಗಬೇಕಾ? ಹೋಗಿಬಂದವರು ಹೇಳಿ.

ವಿಚಿಟಾ ಸೊಸೆ: ಕಾನ್ಸಾಸ್, ಎರಡನೇ ಮಾತೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಬಿಗ್ ಬ್ಲೂಸ್ಟೆಮ್ ಹುಲ್ಲು ನಮ್ಮ ಮಾವನ ತಲೆಗಿಂತ ಎತ್ತರ ಇತ್ತು. ತೆನೆ ಕೋಳಿಕಾಲಿನ ಹಾಗೆ ಮೂರು ಕವಲು. ಫ್ಲಿಂಟ್ ಹಿಲ್ಸ್‌ನಲ್ಲಿ ಸ್ವಲ್ಪ ಕೆದಕಿದರೆ ಸುಣ್ಣಕಲ್ಲು, ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಅಮೆರಿಕದಲ್ಲಿ ಇಂಥ ಪ್ರೇರಿ ಉಳಿದಿರುವುದೇ ಶೇ. 4ಕ್ಕಿಂತ ಕಡಿಮೆ. ದನ ಸಾಕುತ್ತಿದ್ದ ಸ್ಟೀಫನ್ ಜೋನ್ಸ್ 1881ರಲ್ಲಿ ಕಟ್ಟಿಸಿದ ಕಲ್ಲಿನ ಮನೆಯೂ ಇದೆ. ಪ್ರವೇಶಕ್ಕೆ ದುಡ್ಡಿಲ್ಲ. ದುಡ್ಡು ಹೋಗಿದ್ದು ಉಣ್ಣಿಗೆ! ಮಾವನ ಕಾಲುಚೀಲದೊಳಗೆ ಒಂದೇ ಒಂದು ಉಣ್ಣಿ. ಇನ್ಶೂರೆನ್ಸ್‌ನವರು ಕೈ ಎತ್ತಿದರು, 210 ಡಾಲರ್ ನಾವೇ ಕಟ್ಟಿದೆವು. ಬಿಲ್ ಇನ್ನೂ ಇಟ್ಟುಕೊಂಡಿದ್ದೇನೆ.

ಜೋಲಿಯೆಟ್ ಜೋಳ: ಹತ್ತು ಗಂಟೆ ಡ್ರೈವ್ ಅನ್ನುವುದನ್ನು ನುಂಗಿಬಿಟ್ರಲ್ಲ! ನಮ್ಮ ಬಾಡಿಗೆ ವ್ಯಾನಿನ ಎಸಿ ಕಾನ್ಸಾಸ್ ಸಿಟಿ ದಾಟಿದ ಕೂಡಲೇ ಕೆಟ್ಟಿತು. ಬದಲಿ ಗಾಡಿ ಬರುವಷ್ಟರಲ್ಲಿ ಕತ್ತಲಾಯಿತು. ಹೋಟೆಲ್ ಇನ್ನೊಂದು ರಾತ್ರಿ, 164 ಡಾಲರ್, ಮೇಲೆ ಟ್ಯಾಕ್ಸ್. ಆಮೇಲೆ ಅಮ್ಮನನ್ನು ಮಿಡೇವಿನ್‌ಗೇ ಕರೆದುಕೊಂಡು ಹೋದೆ. ಎರಡನೇ ಮಹಾಯುದ್ಧದಲ್ಲಿ ಟಿಎನ್‌ಟಿ ಸ್ಫೋಟಕ ಮಾಡುತ್ತಿದ್ದ ಸೇನೆಯ ಜಾಗ ಅದು, 1996ರಲ್ಲಿ ಪ್ರೇರಿಗೆ ಬಿಟ್ಟರು. ಮಣ್ಣು ಹೊದ್ದ ಬಂಕರ್‌ಗಳು ಇನ್ನೂ ಇವೆ. ಅಮ್ಮ ಒಂದರೊಳಗೆ ನಿಂತು ದೇವರನಾಮ ಹಾಡಿದರು. ಸಾಲು ಮುಗಿದರೂ ದನಿ ಸುತ್ತುತ್ತಲೇ ಇತ್ತು.

ವಿಚಿಟಾ ಸೊಸೆ: ಬೈಸನ್ ಕಂಡಿತಾ?

ಜೋಲಿಯೆಟ್ ಜೋಳ: 2015ರಿಂದ ಇವೆ. ನಾವು ಹೋದ ದಿನ ದೂರ ಇದ್ದವು.

ವಿಚಿಟಾ ಸೊಸೆ: ಅಂದರೆ ಇಲ್ಲ. ಬೀಜ ಎರಚಿ ಬೆಳೆಸಿದ್ದೆಲ್ಲ ಪ್ರೇರಿ ಆಗುತ್ತಾ?

ಜೋಲಿಯೆಟ್ ಜೋಳ: ಆ ಬೀಜ ಆರಿಸಿದ ಸ್ವಯಂಸೇವಕರಲ್ಲಿ ನಾನೂ ಒಬ್ಬ, ಮೇಡಂ. ಚಳಿಯಲ್ಲಿ ಬೆರಳು ಸೆಟೆದುಕೊಳ್ಳುತ್ತಿತ್ತು. ನೀವು ಕಾನ್ಸಾಸ್‌ನವರು ವಸಂತ ಬಂದರೆ ಹುಲ್ಲಿಗೆ ಬೆಂಕಿ ಹಚ್ಚಿ ಊರೆಲ್ಲ ಹೊಗೆ ಮಾಡ್ತೀರಿ!

ಎರೆಮಣ್ಣು: ಬೆಂಕಿ ಬೀಳದಿದ್ದರೆ ಸೀಡರ್ ಮರ ನುಗ್ಗಿ ಹುಲ್ಲನ್ನೇ ಮುಗಿಸುತ್ತದೆ ಸ್ವಾಮಿ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಮರ ತಾನಾಗಿ ನುಗ್ಗಲಿಲ್ಲ, ನೆಟ್ಟರು. ಕೃಷ್ಣಮೃಗಕ್ಕೆ, ಎರೆಭೂತ ಹಕ್ಕಿಗೆ ಬೇಕಿದ್ದದ್ದು ಬಯಲು. ಕೊಟ್ಟಿದ್ದು ನೀಲಗಿರಿ ತೋಪು.

ತುಂಗಭದ್ರೆ: ಸುಮ್ನೆ ನೀಲಗಿರಿ ಬೈಯಬೇಡಿ. ಏಪ್ರಿಲ್ ಮಧ್ಯಾಹ್ನ ಕೃಷ್ಣಮೃಗ ನಿಲ್ಲುವುದು ಆ ತೋಪಿನ ನೆರಳಲ್ಲೇ. ನಾನು ಅಲ್ಲೇ ಹುಟ್ಟಿದವನು.

ಎರೆಮಣ್ಣು: ನಾನೇನು ಶಿಕಾಗೊದಲ್ಲಿ ಹುಟ್ಟಿದೆನಾ? ಬಯಲಿನ ಪ್ರಾಣಿಗೆ ನೆರಳಿನ ಲೆಕ್ಕ ಹೇಳ್ತೀರಲ್ಲ. ಆ ತೋಪಿನಡಿ ಹುಲ್ಲು ಎಷ್ಟಿದೆ, ಹೋಗಿ ನೋಡಿ.